ಮೂಗು ಮೇಡಂ ಮತ್ತು ಹನ್ನೊಂದನೇ ನಂಬರು

ಬಸ್ಸಿಂದ ಇಳಿದ ತಕ್ಷಣ ಮೂಗು ಮೇಡಂ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಬ್ಯಾಗ್ ಕೆಳಗಿಟ್ಟು, ಕಣ್ಣು ಮುಚ್ಚಿ, ಎದೆ ತುಂಬ ಉಸಿರು ಎಳ್ಕೊಂಡಿದ್ದು. ಡೀಸೆಲ್ ಹೊಗೆ ಬರಬೇಕಿತ್ತು. ಸ್ಟ್ಯಾಂಡ್ ಪಕ್ಕದ ಶೌಚಾಲಯದ ಘಾಟು ಬರಬೇಕಿತ್ತು, ಅದಂತೂ ಸತ್ತವರನ್ನೂ ಎಬ್ಬಿಸೋ ಘಾಟು. ಏನೂ ಬರಲಿಲ್ಲ. ಬರೀ ಗಾಳಿ, ಬಿಸಿ ಗಾಳಿ.

"ಆಹಾ, ನಮ್ಮೂರು!" ಅಂದಳು ಜೋರಾಗಿ.

"ಚಿಕ್ಕಮ್ಮ, ಇನ್ನೊಂದ್ಸಲ ಆಹಾ ಅನ್ನಿ, ರೆಕಾರ್ಡ್ ಆನ್ ಮಾಡಿರ್ಲಿಲ್ಲ," ಅಂತ ಅಕ್ಕನ ಮಗಳು ಫೋನ್ ಹಿಡ್ಕೊಂಡು ಎದುರಿಗೆ ನಿಂತಳು. ಕಾಲೇಜು ಹುಡುಗಿ. ಚಿಕ್ಕಮ್ಮ ಚಿಕ್ಕಂದಿನಲ್ಲಿ ತಿಂದ ಜಾಗಗಳನ್ನೆಲ್ಲ ಒಂದೇ ದಿನದಲ್ಲಿ ಸುತ್ತಿ ವಿಡಿಯೋ ಮಾಡೋದು ಅಂತ ಪ್ಲಾನ್ ಹಾಕ್ಕೊಂಡು ಬಂದಿದ್ದಳು.

ಮೇಡಂ ಫೋನ್ ಕಡೆ ನೋಡದೆ ಎರಡನೇ ಸಲ ಆಹಾ ಅಂದಳು.

ಅವಳ ಕೆಲಸ ಕಾಫಿ ಕಂಪನಿಯಲ್ಲಿ ಕಾಫಿ ರುಚಿ ನೋಡೋದು. ಹತ್ತೊಂಬತ್ತು ವರ್ಷದಿಂದ ಅದೇ. ಕೇಳಿದವರೆಲ್ಲ "ಅಯ್ಯೋ ನಿಮ್ಮ ಪುಣ್ಯವೇ, ಕೂತಲ್ಲೇ ಕಾಫಿ ಕುಡ್ಕೊಂಡು ಸಂಬಳ" ಅಂತಾರೆ. ಕುಡಿಯೋದೆಲ್ಲಿ ಬಂತು! ಚಮಚದಲ್ಲಿ ತಗೊಂಡು ಸುರ್ರ್ ಅಂತ ಎಳೆದು, ಬಾಯೊಳಗೆ ಒಂದು ಸುತ್ತು ಹೊಡೆಸಿ, ಥೂ ಅಂತ ಉಗಿಯೋದು. ದಿನಕ್ಕೆ ನಲವತ್ತು ಕಪ್. ಒಂದು ದುಂಡು ಮೇಜು, ಸುತ್ತ ಐದು ಜನ, ಕಪ್ ಮೇಲೆ ಬರೀ ನಂಬರು, ಯಾರ ತೋಟದ ಬೀಜ ಅಂತ ಮೇಜಿನ ಹತ್ತಿರ ಯಾರಿಗೂ ಗೊತ್ತಾಗಬಾರದು. ನಾಲ್ಕು ಜನ ಚೆನ್ನಾಗಿದೆ ಅಂದು ಮೂಗು ಮೇಡಂ ಒಬ್ಬಳೇ 'ಕೆಟ್ಟಿದೆ' ಅಂತ ಬರೆದ್ರೆ ಮುಗೀತು, ಆ ನಂಬರಿನ ಅಷ್ಟೂ ಮೂಟೆ ಕೆಟ್ಟಿದೆ ಅಂತಲೇ ಲೆಕ್ಕ. ಆ ಮೂಗಿನ ಮೇಲೆ ಕಂಪನಿಗೆ ಅಷ್ಟು ನಂಬಿಕೆ.

ಅವಳೂ ಆ ಮೂಗನ್ನ ಸಾಕಿದ್ದು ಹಾಗೇ, ಮನೆಯ ಮೊದಲನೇ ಮಗು ಥರ. ಸೆಂಟ್ ಇಲ್ಲ, ಪೌಡರ್ ಇಲ್ಲ, ಕೆಲಸದ ದಿನ ಹಸಿ ಈರುಳ್ಳಿ ಇಲ್ಲ. ಮದುವೆಯಾದ ಮೂರನೇ ದಿನವೇ ಗಂಡನ ತಲೆಗೆ ಹಚ್ಚೋ ಎಣ್ಣೆ ಬಾಟಲಿ ಕಸದ ಬುಟ್ಟಿಗೆ ಹೋಯ್ತು. "ನನ್ನ ಕೂದಲು ಉದುರಿದ್ದು ನಿನ್ನ ಮೂಗಿನಿಂದ ಕಣೇ," ಅಂತ ಆ ಮನುಷ್ಯ ಇವತ್ತಿಗೂ ಬೋಳು ತಲೆ ಸವರ್ಕೊಂಡು ಹೇಳ್ತಾನೆ.

ಆ ಮೂಗು ನಲವತ್ತು ದಿನದ ಹಿಂದೆ ಹೋಗಿಬಿಟ್ಟಿತ್ತು.

ನಾಲ್ಕು ದಿನ ಜ್ವರ. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಒಲೆ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆ ಕರಿ ಆಗಿ, ಗಂಡ ಬಚ್ಚಲಿಂದ ಸೋಪಿನ ಮುಖದಲ್ಲೇ ಓಡಿ ಬಂದರೂ ಒಲೆ ಎದುರಿಗೇ ನಿಂತಿದ್ದ ಇವಳಿಗೆ ಏನೂ ಗೊತ್ತಾಗಲಿಲ್ಲ. "ಏನೋ ಯೋಚನೆ ಮಾಡ್ತಿದ್ದೆ," ಅಂತ ತೇಲಿಸಿಬಿಟ್ಟಳು. ಯಾರಿಗೂ ಹೇಳಲಿಲ್ಲ, ಡಾಕ್ಟರಿಗೂ. ಹೇಳಿದ್ರೆ ಕುರ್ಚಿ ಹೋಗುತ್ತಲ್ಲ! ದುಂಡು ಮೇಜಿನಲ್ಲಿ ಕೂತು ಕಳ್ಳಾಟ ಶುರು ಮಾಡಿದಳು. ಮಿಕ್ಕ ನಾಲ್ಕು ಜನರ ಮುಖ ನೋಡೋದು, ಯಾರ ಚಮಚ ಯಾವ ಕಪ್ಪಿಗೆ ಎರಡು ಸಲ ಹೋಯ್ತು ಅಂತ ಎಣಿಸೋದು, ಬೀಜದ ಬಣ್ಣ ನೋಡೋದು, ಆಮೇಲೆ ಗಂಭೀರವಾಗಿ ತಲೆ ಆಡಿಸಿ ಬರೆಯೋದು. ಒಂದು ತಿಂಗಳು ಹೀಗೇ ಜೀವ ಕೈಯಲ್ಲಿ ಹಿಡ್ಕೊಂಡು ಕಳೆದಳು.

ಮೊನ್ನೆ ಬುಧವಾರ, ನಂಬರು ಹಿಂದೆ ಮುಂದೆ ಮಾಡಿ ಇಟ್ಟಿದ್ದ ಕಪ್ಪುಗಳಲ್ಲಿ ದಿನದ ಕಟ್ಟಕಡೆಯದು, ಹನ್ನೊಂದನೇ ನಂಬರು. ಬಗ್ಗಿದಳು, ಗಪ್ಪಂತ ವಾಸನೆ ಬಂತು! ಟೈರ್ ಸುಟ್ಟ ಹಾಗೆ, ಕೊಳೆತ ಈರುಳ್ಳಿ ಹಾಗೆ, ಹೊಟ್ಟೆ ತೊಳಸೋ ಗಬ್ಬು ನಾತ. ನಾತಕ್ಕೆ ಯಾರಾದರೂ ಖುಷಿಯಿಂದ ಅತ್ತಿದ್ದು ಕೇಳಿದ್ದೀರಾ? ಇವಳು ಬಾತ್‌ರೂಮಿಗೆ ಹೋಗಿ ಅತ್ತಳು. ಮೂಗು ವಾಪಸ್ ಬಂತು! ಮೇಜಿಗೆ ಬಂದು ದಪ್ಪ ಅಕ್ಷರದಲ್ಲಿ 'ಕೆಟ್ಟಿದೆ' ಅಂತ ಬರೆದು ಸೈನ್ ಹಾಕಿದಳು.

"ಮೇಡಂ, ನನಗೆ ಇದು ಹೂವಿನ ಥರ ಅನ್ನಿಸ್ತು," ಅಂದಳು ಪಕ್ಕದಲ್ಲಿದ್ದ ಕಿರಿಯಳು, ಸೇರಿ ಇನ್ನೂ ಒಂದು ವರ್ಷ ಆಗಿರದ ಹುಡುಗಿ.

"ಹೂವಾ? ನಿಂದು ಇನ್ನೂ ಹಾಲು ಕುಡಿಯೋ ಮೂಗು ಕಣಮ್ಮ. ದೊಡ್ಡದಾಗ್ಲಿ, ಆಮೇಲೆ ಮಾತಾಡು."

ಎಲ್ಲರೂ ನಕ್ಕರು. ಹನ್ನೊಂದನೇ ನಂಬರಿನ ತೊಂಬತ್ತು ಮೂಟೆ, ಯಾರದ್ದೋ ಒಂದು ವರ್ಷದ ದುಡಿಮೆ, ಶನಿವಾರ ಸಂಜೆ ಐದಕ್ಕೆ ಕಡಿಮೆ ದರ್ಜೆ ಕಾಫಿ ಜೊತೆ ಬೆರೆಸೋದು ಅಂತ ಬೋರ್ಡ್ ಮೇಲೆ ಬಿತ್ತು. ಒಂದ್ಸಲ ಬೆರೆಸಿದ ಮೇಲೆ ಯಾರಪ್ಪ ಬಂದ್ರೂ ಬೇರೆ ಮಾಡೋಕಾಗಲ್ಲ.

ಬುಧವಾರ ಸಂಜೆಯೇ ಅವಳು ರಜೆ ಹಾಕಿದಳು. ಹೊಸದಾಗಿ ಬಂದ ಮೂಗಿಗೆ ರೆಸ್ಟ್ ಬೇಕು, ಮೂರು ದಿನ ಒಂದು ತೊಟ್ಟು ಕಾಫಿಯೂ ಬೇಡ, ಮೊದಲ ಕಾಫಿ ಹುಟ್ಟಿದೂರಲ್ಲೇ, ತನಗೆ ಮೂಗು ಕಲಿಸಿದ 'ಅರ್ಧ ನಿಮಿಷ' ತಾತನ ಅಂಗಡಿಯಲ್ಲೇ! ಇವತ್ತು ಶನಿವಾರ. ಆದರೆ ಡೀಸೆಲ್ ಯಾಕೆ ಬರ್ಲಿಲ್ಲ? ಬರುತ್ತೆ, ಕಾಫಿಗೆ ಬಂತಲ್ಲ, ಮಿಕ್ಕಿದ್ದಕ್ಕೂ ಬರುತ್ತೆ, ಅಂತ ತನಗೆ ತಾನೇ ಹೇಳ್ಕೊಂಡು ನಡೆದಳು.

ಮೊದಲು ಬೇಕರಿ. ಅದೇ ಗಾಜಿನ ಬೀರು, ಅದೇ ಬಿರುಕು, ಬಿರುಕಿನ ಮೇಲೆ ಅದೇ ಟೇಪು. ಬೇಕರಿ ಆಂಟಿಯ ತಲೆ ಮಾತ್ರ ಪೂರ್ತಿ ಬೆಳ್ಳಗಾಗಿತ್ತು.

"ಏನೇ, ಕಡ್ಡಿ ಹಂಗಿದ್ದೋಳು ನಮ್ಮ ಬನ್ ಹಂಗೇ ಆಗಿದೀಯಲ್ಲೇ!"

"ನಿಮ್ಮ ಬನ್ ತಿಂದೇ ಆಗಿದ್ದು ಆಂಟಿ."

ಬಿಸಿ ಬನ್ನು, ಮಧ್ಯೆ ಬೆಣ್ಣೆ. ಕಚ್ಚಿದಳು. ಬಾಯಿತುಂಬ ಹತ್ತಿ ತುಂಬ್ಕೊಂಡ ಹಾಗಾಯ್ತು. ಅಗಿದಳು, ಮತ್ತೆ ಅಗಿದಳು, ಬೆಣ್ಣೆ ನಾಲಿಗೆ ಮೇಲೆ ಜಾರಿ ಹೋಯ್ತೇ ಹೊರತು ಬೆಣ್ಣೆ ಅಂತ ಹೇಳಲೇ ಇಲ್ಲ.

"ಹೆಂಗಿದೆ?" ಅಂದರು ಆಂಟಿ.

"ಅದೇ ರುಚಿ ಆಂಟಿ! ಸ್ವಲ್ಪವೂ ಬದಲಾಗಿಲ್ಲ!"

ಆಂಟಿ ಹುಬ್ಬು ಮೇಲೆ ಹೋಯ್ತು. "ಬದಲಾಗಿಲ್ವಾ? ಸೌದೆ ಒಲೆ ತೆಗೆಸಿ ಕರೆಂಟಿಂದು ಹಾಕಿ ಆರು ವರ್ಷ ಆಯ್ತು. ಆ ಹೊಗೆ ಘಮ ಇಲ್ಲ ಅಂತ ಬಂದೋರೆಲ್ಲ ನನ್ನನ್ನ ಬೈದು ಹೋಗ್ತಾರೆ. ನಿನ್ನ ಮೂಗಿಗೆ ಗೊತ್ತಾಗ್ಲಿಲ್ವಾ?"

"ನಿಮಗೆ ಬೇಜಾರಾಗ್ಬಾರ್ದು ಅಂತ ಹಂಗಂದೆ ಆಂಟಿ," ಅಂತ ನಕ್ಕಳು. ಕಿವಿ ಬಿಸಿ ಆಯ್ತು. ಅಕ್ಕನ ಮಗಳು ಫೋನ್ ಕೆಳಗಿಳಿಸಿ ಚಿಕ್ಕಮ್ಮನ ಮುಖವನ್ನೇ ಒಂದು ಗಳಿಗೆ ನೋಡಿದಳು.

ಆಮೇಲೆ ಸೂಪಿನ ಗಾಡಿ. ಅಲ್ಲಿ ಮೆಣಸು ಗಂಟಲು ಸುಟ್ಟಿತು, ಅಷ್ಟೇ. ಬಿಸಿನೀರಿಗೂ ಸೂಪಿಗೂ ವ್ಯತ್ಯಾಸ ಇರಲಿಲ್ಲ. ಈ ಸಲ ಅವಳು ಆಹಾ ಅನ್ನೋ ಧೈರ್ಯ ಮಾಡಲಿಲ್ಲ. "ಬೇಗ ನಡಿ, ತಾತನ ಅಂಗಡಿಗೆ," ಅಂತ ಹುಡುಗಿ ಕೈ ಹಿಡಿದು ಎಳೆದಳು.

ತಾತನ ಅಂಗಡಿ ಅಂದ್ರೆ ನಾಲ್ಕು ಬೆಂಚು, ಒಂದು ಗೋಡೆ ಗಡಿಯಾರ, ಮೂಲೆಯಲ್ಲಿ ಬೀಜ ಹುರಿಯೋ ಡ್ರಮ್ಮು. ಕಾಫಿ ಎಷ್ಟೊತ್ತು ಅಂತ ಯಾರು ಕೇಳಲಿ, ಯಾವಾಗ ಕೇಳಲಿ, ಆತ ಕೊಡೋದು ಒಂದೇ ಉತ್ತರ, "ಅರ್ಧ ನಿಮಿಷ." ಅದೇ ಹೆಸರಾಗಿ ಹೋಯ್ತು. ಇವಳ ಅಮ್ಮ ಪಕ್ಕದ ಟೈಲರ್ ಅಂಗಡಿಯಲ್ಲಿ ಹೊಲಿಯೋಕೆ ಹೋಗ್ತಿದ್ದಾಗ, ಸ್ಕೂಲ್ ಬಿಟ್ಟ ಮಗಳು ಕೂರ್ತಿದ್ದದ್ದು ಈ ಬೆಂಚಿನ ಮೇಲೆ. ತಾತ ಅವಳ ಕಣ್ಣಿಗೆ ಟವಲ್ ಕಟ್ಟಿ, ಬೇರೆ ಬೇರೆ ಬೀಜ ತುಂಬಿದ ಇಪ್ಪತ್ತಮೂರು ಡಬ್ಬಿ ಒಂದೊಂದೇ ಮೂಗಿಗೆ ಹಿಡೀತಿದ್ದ. ಒಂದೂ ತಪ್ಪದೆ ಹೇಳ್ತಿದ್ದಳು.

"ಬಂದ್ಲು ನೋಡ್ರಪ್ಪಾ!" ಅಂತ ತಾತ ಎದ್ದು ನಿಂತ. ಸೊಂಟ ಬಾಗಿತ್ತು, ಗಂಟಲು ಬಾಗಿರಲಿಲ್ಲ. "ನಾನು ಹೇಳ್ತಿರ್ಲಿಲ್ವಾ, ಆ ಮೂಗು, ಅದು ಇದೇ!"

ಬೆಂಚಿನ ಮೇಲಿದ್ದ ಪೋಸ್ಟ್‌ಮ್ಯಾನು ಕಪ್ ಎತ್ತಿ ಸಲಾಂ ಹೊಡೆದ. ಅಲ್ಲಿದ್ದ ಇಬ್ಬರು ರಿಟೈರ್ಡ್ ಮೇಷ್ಟ್ರುಗಳು ಕನ್ನಡಕ ಸರಿ ಮಾಡ್ಕೊಂಡರು. ತಾತ ತನ್ನ ಕೈಯಾರೆ ಇಬ್ಬರಿಗೂ ಕಪ್ ತಂದು ಇಟ್ಟ. ಇಡೀ ಅಂಗಡಿ ಉಸಿರು ಹಿಡ್ಕೊಂಡು ನೋಡ್ತಿತ್ತು.

ಅವಳು ಕಪ್ ಎತ್ತಿದಳು. ಮೂಗಿನ ಹತ್ತಿರ ತಂದಳು.

ಗಪ್ಪಂತ ಹೊಡೀತು. ಟೈರು. ಕೊಳೆತ ಈರುಳ್ಳಿ. ಅದೇ ನಾತ!

ಹತ್ತೊಂಬತ್ತು ವರ್ಷದ ಅಭ್ಯಾಸ ನೋಡಿ, ಬಾಯಿಗೆ ಹಾಕಿದ ಗುಟುಕನ್ನ ಯೋಚನೆಯೇ ಇಲ್ಲದೆ ಪಕ್ಕದ ಸಿಂಕಿಗೆ ಥೂ ಅಂತ ಉಗಿದುಬಿಟ್ಟಳು, ಅಷ್ಟು ಜನರ ಮುಂದೆ. ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು. "ತಾತ, ಇದು ಕೆಟ್ಟಿದೆ."

ಹೇಳುವಾಗ ಒಳಗೊಳಗೇ ಒಂದು ಸಂತೋಷವೂ ಆಯ್ತು ಅಂದ್ರೆ ನಂಬ್ತೀರಾ? ಮೂಗು ಇದೆ! ಮೂಗು ಕೆಲಸ ಮಾಡ್ತಿದೆ!

ತಾತ ನೆಟ್ಟಗೆ ಬೆಂಚಿನ ಹತ್ತಿರ ಹೋಗಿ ಪೋಸ್ಟ್‌ಮ್ಯಾನಿನ ಕೈಯಿಂದ ಕಪ್ ಕಿತ್ಕೊಂಡ.

"ಅರೆ ತಾತ, ಇನ್ನೂ ಅರ್ಧ ಇದೆ! ಚೆನ್ನಾಗೇ ಇದೆಯಲ್ಲ!"

"ಮುಚ್ಕೊಂಡಿರು, ಸ್ಟಾಂಪಿನ ಅಂಟಿನ ವಾಸನೆ ಬಿಟ್ರೆ ನಿನಗೇನು ಗೊತ್ತು? ಅವಳು ಕೆಟ್ಟಿದೆ ಅಂದ್ಲು."

ಮೇಷ್ಟ್ರುಗಳ ಕಪ್ಪೂ ಹೋಯ್ತು. ಒಲೆ ಮೇಲಿದ್ದ ಇಡೀ ಪಾತ್ರೆ ಕಾಫಿ ಮೋರಿಗೆ ಹೋಯ್ತು. ತಾತ ಹೊಸ ಮೂಟೆ ಬಾಯಿ ಬಿಚ್ಚಿ, ಬೀಜ ಡ್ರಮ್ಮಿಗೆ ಹಾಕಿ ಉರಿ ಹಚ್ಚಿದ. ಯಾರೂ ಎದ್ದು ಹೋಗಲಿಲ್ಲ. ಬೀಜ ಚಟಪಟ ಅನ್ನೋಕೆ ಶುರುವಾದಾಗ ಆತ ಡ್ರಮ್ಮಿಗೆ ಕಿವಿ ಹತ್ತಿರ ತಂದು, ಎದೆಬಡಿತ ಕೇಳೋ ಡಾಕ್ಟರ್ ಥರ ನಿಂತ. ತೆಗೆದು, ಆರಿಸಿ, ಪುಡಿ ಮಾಡಿ, ಕಾಫಿ ಇಳಿಸಿ ಇಬ್ಬರಿಗೂ ಕೊಟ್ಟ.

ಮತ್ತೆ ಅದೇ. ಟೈರು, ಈರುಳ್ಳಿ.

ಅವಳ ಮುಖವೇ ಹೇಳಿಬಿಟ್ಟಿತು. ತಾತ ಎರಡನೇ ಪಾತ್ರೆಯನ್ನೂ ಮೋರಿಗೆ ಚೆಲ್ಲಿ, ಒದ್ದೆ ಕೈ ಅಂಗಿಗೆ ಒರೆಸ್ಕೊಂಡು ಬೆಂಚಿನ ಮೇಲೆ ಕುಸಿದ.

"ಹಂಗಾದ್ರೆ ಕೆಟ್ಟಿರೋದು ಬೀಜ ಅಲ್ಲ ಕಣೇ, ನನ್ನ ಕೈ. ವಯಸ್ಸಾಯ್ತಲ್ಲ. ಇವರೆಲ್ಲ ನನ್ನ ಮುಖ ನೋಡಿ ಚೆನ್ನಾಗಿದೆ ಅಂತಿದ್ದಾರೆ. ಹೇಳೋಕೆ ನೀನಾದ್ರೂ ಬಂದ್ಯಲ್ಲ. ಸಾಕು, ನಾಳೆಯಿಂದ ಶಟರ್ ಎಳೆದುಬಿಡ್ತೀನಿ."

"ತಾತ! ಎರಡೂ ಸೂಪರ್ ಆಗಿತ್ತು!" ಅಂತ ಅಕ್ಕನ ಮಗಳು ಕೂಗಿಯೇಬಿಟ್ಟಳು. ಅವಳ ಎದುರಿಗೆ ಎರಡು ಖಾಲಿ ಕಪ್. "ನಾನು ಎರಡನ್ನೂ ಪೂರ್ತಿ ಕುಡಿದೆ!"

"ಸುಮ್ನಿರೇ, ನಿನಗೆ ಗೊತ್ತಾಗಲ್ಲ," ಅಂದಳು ಚಿಕ್ಕಮ್ಮ.

"ನನಗೆ ಗೊತ್ತಾಗಲ್ಲ ಸರಿ. ನಿಮಗೆ ಬನ್ ಗೊತ್ತಾಯ್ತಾ ಚಿಕ್ಕಮ್ಮ? ಸೂಪು? ಜ್ವರ ಬಂದಿತ್ತಲ್ಲ ನಿಮಗೆ? ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬಳಿಗೆ ಜ್ವರ ಬಂದು ವಾಸನೆ ಹೋಗಿ, ವಾಪಸ್ ಬರುವಾಗ ಎಲ್ಲ ಉಲ್ಟಾ ಬಂದಿತ್ತು. ಟೂತ್‌ಪೇಸ್ಟ್ ಕಂಡ್ರೆ ವಾಂತಿ ಮಾಡೋಳು, ಒಳ್ಳೇ ಟೂತ್‌ಪೇಸ್ಟು! ಏನೋ ಕೊಳೆತ ಹಾಗೆ ಅಂತಿದ್ಲು."

ಮೂಗು ಮೇಡಂ ಬೆಂಚಿನ ಮೇಲೆ ನೆಟ್ಟಗೆ ಕೂತಳು.

"ತಾತ, ಟವಲ್ ಕಟ್ಟಿ," ಅಂದಳು. "ಡಬ್ಬಿ ತನ್ನಿ. ಮೂರು ಸಾಕು. ಒಂದಕ್ಕೊಂದು ಸಂಬಂಧ ಇರಬಾರದು."

ತಾತ ಕಟ್ಟಿದ. ಕತ್ತಲಲ್ಲಿ ಮೊದಲ ಡಬ್ಬಿ ಬಂತು, ಟೈರು, ಈರುಳ್ಳಿ. ಎರಡನೇದು, ಟೈರು, ಈರುಳ್ಳಿ. ಮೂರನೇದು ಬರೋ ಹೊತ್ತಿಗೆ ಬೆವರು ಕಿತ್ಕೊಂಡು ಬಂದಿತ್ತು. ಅದೂ ಅದೇ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಭೂಮಿ ಮೇಲೆ ಯಾವ ಮೂರು ಕಾಫಿಗೂ ಒಂದೇ ವಾಸನೆ ಇರಲ್ಲ, ಇದ್ರೆ ನಿಮ್ಮ ಮೂಗು ಸುಳ್ಳು ಹೇಳ್ತಿದೆ ಅಂತ ತಿಳ್ಕೊಳ್ಳಿ, ಅಂತ ಪ್ರತಿ ವರ್ಷ ಹೊಸಬರಿಗೆ ಮೊದಲ ದಿನ ಪಾಠ ಮಾಡೋದು ಯಾರು? ಇವಳೇ!

ಟವಲ್ ಕಿತ್ತೆಸೆದಳು. "ತಾತ, ನಿಮ್ಮ ಕೈಗೇನೂ ಆಗಿಲ್ಲ. ಹಾಳಾಗಿರೋದು ನನ್ನ ಮೂಗು," ಅಂದವಳು ಅಲ್ಲಿಗೇ ತಡೆದಳು. ಹನ್ನೊಂದು. ತೊಂಬತ್ತು ಮೂಟೆ. ಶನಿವಾರ, ಐದು ಗಂಟೆ.

ಗೋಡೆ ಮೇಲಿನ ಗಡಿಯಾರ ಐದಕ್ಕೆ ಆರು ನಿಮಿಷ ತೋರಿಸ್ತಿತ್ತು.

ಮ್ಯಾನೇಜರ್ ಫೋನು ಸ್ವಿಚ್ ಆಫ್. ಇನ್ನೊಂದ್ಸಲ, ಸ್ವಿಚ್ ಆಫ್. ಶನಿವಾರ ಆಫೀಸಲ್ಲಿ ಡ್ಯೂಟಿ ಯಾರದು? ಕಿರಿಯಳದ್ದು. ಹಾಲು ಕುಡಿಯೋ ಮೂಗು. ಅವಳಿಗೇ ಫೋನ್ ಮಾಡಿದಳು.

"ಮೇಡಂ! ಊರಿಂದನಾ? ನೀವು ಹೇಳ್ತಿದ್ದ ಬನ್ ಹೆಂಗಿತ್ತು?"

"ಹನ್ನೊಂದು ಎಲ್ಲಿದೆ?"

"ಗೋಡೌನಲ್ಲಿ. ಮೇಸ್ತ್ರಿ ಈಗ ಬೆರೆಸೋ ಡ್ರಮ್ಮಿಗೆ ಹಾಕಿಸ್ತಿದ್ದಾರೆ, ಬೇಗ ಮನೆಗೆ ಹೋಗ್ಬೇಕಂತೆ, ಆಗ್ಲೇ ಶುರು ಮಾಡಿದ್ರು."

"ನಿಲ್ಸು. ಓಡು, ಹೋಗಿ ನಿಲ್ಸು!"

ಆ ಕಡೆ ಚಪ್ಪಲಿ ಪಟಪಟ ಸದ್ದು, ಏದುಸಿರು, ಒಂದು ಬಾಗಿಲು. ಆಮೇಲೆ ಡ್ರಮ್ಮಿನ ಗುಡುಗುಡು ಫೋನ್ ತುಂಬ ತುಂಬ್ಕೊಂಡಿತು. ಆ ಸದ್ದಿನೊಳಗಿಂದ ಯಾರೋ ಗಂಡಸಿನ ದನಿ, "ಮೇಡಂ ಸೈನ್ ಇದೆಯಲ್ರೀ, ನೀವು ಹೇಳಿದ ತಕ್ಷಣ ನಿಲ್ಲಿಸೋಕೆ ನೀವ್ಯಾರು? ಕಾರಣ ಏನು?"

"ಮೇಡಂ, ಮೇಸ್ತ್ರಿ ಕೇಳಲ್ಲ ಅಂತಿದ್ದಾರೆ. ಏನಂತ ಹೇಳ್ಲಿ?"

ಏನಂತ ಹೇಳೋದು! ಡ್ರಮ್ಮು ತಿರುಗ್ತಾನೇ ಇದೆ. ನಾಲಿಗೆ ತುದಿಗೆ ಒಂದು ಮಾತು ತಾನಾಗೇ ಬಂದು ನಿಂತಿತು, ಎಷ್ಟು ಸುಲಭದ ಮಾತು. ಲೇಬಲ್ ಅದಲು ಬದಲಾಗಿದೆ ಅಂತ ಹೇಳು. ಅಷ್ಟೇ! ಮೇಸ್ತ್ರಿ ತಕ್ಷಣ ನಿಲ್ಲಿಸ್ತಾನೆ, ಮೂಟೆ ಉಳಿಯುತ್ತೆ, ಕುರ್ಚಿ ಉಳಿಯುತ್ತೆ, ಮೂಗು ನಿಧಾನಕ್ಕೆ ಸರಿ ಹೋಗುತ್ತೆ, ಯಾರಿಗೂ ಗೊತ್ತಾಗಲ್ಲ.

"ಲೇಬಲ್..." ಅಂದಳು.

"ಲೇಬಲ್ಲಾ?" ಕಿರಿಯಳ ದನಿ ಸಣ್ಣಗಾಯ್ತು. "ಲೇಬಲ್ ನಾನೇ ಅಂಟಿಸಿದ್ದು ಮೇಡಂ. ಮೂರು ಸಲ ನೋಡಿದ್ದೆ. ತಪ್ಪಾಗಿದ್ಯಾ?"

ತಾತ ಅವಳ ಮುಖವನ್ನೇ ನೋಡ್ತಿದ್ದ. ತನ್ನ ಒಂದು ಮಾತಿಗೆ ಎರಡು ಪಾತ್ರೆ ಕಾಫಿ ಮೋರಿಗೆ ಚೆಲ್ಲಿ, ಅಂಗಡಿಯನ್ನೇ ಮುಚ್ತೀನಿ ಅಂದ ಮನುಷ್ಯ.

"ಇಲ್ಲ. ಲೇಬಲ್ ಸರಿ ಇದೆ. ಸ್ಪೀಕರ್ ಹಾಕು," ಅಂದಳು. "ಮೇಸ್ತ್ರಿಗಳೇ, ನಾನು ಮೂಗು ಮೇಡಂ. ನನಗೆ ಮೂಗಿಲ್ಲ. ಜ್ವರ ಬಂದಾಗ ಹೋಗಿದ್ದು, ನಲವತ್ತು ದಿನ ಆಯ್ತು. ನಾನು ಯಾರಿಗೂ ಹೇಳ್ಲಿಲ್ಲ. ಹನ್ನೊಂದಕ್ಕೆ ಹಾಕಿದ ಸೈನ್ ಸುಳ್ಳು ಸೈನ್. ನಿಲ್ಸಿ. ಕೈ ಮುಗೀತೀನಿ, ನಿಲ್ಸಿ!"

ಗುಡುಗುಡು ಇನ್ನೂ ಒಂದು ಸುತ್ತು, ಇನ್ನೊಂದು ಸುತ್ತು, ಆಮೇಲೆ ದನಿ ಇಳೀತಾ ಇಳೀತಾ ನಿಂತೇ ಹೋಯ್ತು.

"ಎಂಟು ಹೋಗಿದೆ ಮೇಡಂ," ಅಂದಳು ಕಿರಿಯಳು. "ಎಂಬತ್ತೆರಡು ಉಳೀತು."

ಎಂಟು. ಆ ಎಂಟು ಮೂಟೆ ಯಾರದ್ದೋ ಏನೋ, ಬರೀ ನಂಬರು.

"ಆ ಎಂಟು ನನ್ನ ಲೆಕ್ಕಕ್ಕೆ. ಸೋಮವಾರ ಬಂದು ನಾನೇ ಬರೆದು ಕೊಡ್ತೀನಿ. ನಲವತ್ತು ದಿನದ ನನ್ನ ಶೀಟೆಲ್ಲ ಎತ್ತಿಡು, ಸ್ಯಾಂಪಲ್ ಇರೋದನ್ನೆಲ್ಲ ಮತ್ತೆ ನೋಡ್ಬೇಕು, ನಾನಲ್ಲ, ನೀವು ನಾಲ್ಕು ಜನ." ಆಮೇಲೆ ಕೇಳಿದಳು. "ಹೂವು ಅಂದಿದ್ಯಲ್ಲ. ಯಾವ ಹೂವು?"

"ಅದು... ಹೆಸರು ಹೇಳೋಕೆ ಬರಲ್ಲ ಮೇಡಂ. ಯಾರದ್ದೋ ಕಾಂಪೌಂಡ್ ಪಕ್ಕ ನಡ್ಕೊಂಡು ಹೋಗ್ತಿರ್ತೀವಲ್ಲ, ಹೂವು ಕಾಣಲ್ಲ, ಗೋಡೆ ಆಚೆ ಇರುತ್ತೆ, ಆದ್ರೂ ಬರುತ್ತಲ್ಲ, ಹಂಗೆ."

"ಹಂಗೇ ಬರೀ ಶೀಟಲ್ಲಿ," ಅಂದಳು ಮೇಡಂ. "ಗೋಡೆ ಆಚೆ ಹೂವು ಅಂತಲೇ ಬರೀ." ಫೋನ್ ಇಟ್ಟಳು.

ಅಕ್ಕನ ಮಗಳು ಪಕ್ಕ ಬಂದು ಒತ್ತಿ ಕೂತಳು. ಫೋನು ಯಾವಾಗಲೋ ಬ್ಯಾಗಿಗೆ ಹೋಗಿತ್ತು. ಪೋಸ್ಟ್‌ಮ್ಯಾನು ಕೆಮ್ಮಿ, "ತಾತ, ಈಗಾದ್ರೂ ನನ್ನ ಅರ್ಧ ಕಪ್ ವಾಪಸ್ ಸಿಗುತ್ತಾ?" ಅಂದ.

ತಾತ ಒಲೆ ಮೇಲೆ ಮೂರನೇ ಪಾತ್ರೆ ಇಟ್ಟ. ಎಲ್ಲರಿಗೂ ಕೊಟ್ಟ. ಅವಳಿಗೆ ಕೊಡಲಿಲ್ಲ. ಕಪಾಟಿನ ಬಾಗಿಲು ತೆಗೆದು ಡಬ್ಬಿಗಳನ್ನ ಒಂದೊಂದಾಗಿ ಇಳಿಸಿ ಬೆಂಚಿನ ಮೇಲೆ ಸಾಲಾಗಿ ಜೋಡಿಸಿದ, ಇಪ್ಪತ್ತಮೂರು. ಎದುರಿಗೆ ಕೂತ. ಮೊದಲನೇದರ ಮುಚ್ಚಳ ತೆಗೆದ.

"ಏನಿದು?"

"ನಾತ ತಾತ."

"ಸರಿ. ಇದು?"

"ಇದೂ ನಾತ." "ವಾಪಸ್ ಬರುತ್ತಾ ತಾತ? ಎಷ್ಟು ದಿನ ಹಿಡಿಯುತ್ತೆ?"

ತಾತ ಮೂರನೇ ಡಬ್ಬಿ ಎತ್ಕೊಂಡ.

"ಅರ್ಧ ನಿಮಿಷ," ಅಂದ, ಮುಚ್ಚಳ ತಿರುಗಿಸ್ತಾ.